ಪ್ಲಾನರ್‌ಗಳು ಜೂನ್ ತಿಂಗಳಲ್ಲಿ ಬರಲಿ

ಕೇಳುಗರಿಗೆ ನಮಸ್ಕಾರ.

ನಗರ ಯೋಜಕ ಅಂದರೆ ಯಾರು ಅಂತ ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ನಾಲ್ಕು ಜನರನ್ನು ಕೇಳಿ ನೋಡಿ. ಇಬ್ಬರು ಇಂಜಿನಿಯರ್ ಅನ್ನಬಹುದು. ಇನ್ನೊಬ್ಬರು 'ಮುಡಾದವರು', ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದವರು ಅನ್ನಬಹುದು. ನಾಲ್ಕನೆಯವರು ಹೊಸದಾಗಿ ಐದು ಸೆಂಟ್ಸ್ ಜಾಗ ತೆಗೆದುಕೊಂಡವರಾಗಿದ್ದರೆ, ಮುಖ ಸಿಂಡರಿಸಿ 'ನೈನ್ ಇಲೆವೆನ್' ಅಂತಾರೆ. ಬೇರೆ ಊರಿನವರಿಗೆ ಆ ಮಾತು ಕೇಳಿದರೆ ಅಮೆರಿಕ ನೆನಪಾಗುತ್ತದೆ. ನಮಗೆ ನೆನಪಾಗುವುದು ಪಂಚಾಯತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು ನಮೂನೆ 11, ಅದಕ್ಕೆ ಬೇಕಾದ ವಿನ್ಯಾಸ ನಕ್ಷೆ, ಆ ನಕ್ಷೆಗೆ ಬೇಕಾದ ಸಹಿ.

ಸಹಿಗಾಗಿ ಕಾಯುವಾಗ ಮಾತ್ರ ನಮಗೆ ಪ್ಲಾನರ್ ಕಾಣಿಸುತ್ತಾರೆ. ಆದರೆ ಅವರ ನಿಜವಾದ ಕೆಲಸ ನಡೆಯುವುದು ಅದಕ್ಕೆ ಎಷ್ಟೋ ವರ್ಷ ಮೊದಲು. ಯಾವ ಜಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಯಾವ ರಸ್ತೆ ಎಷ್ಟು ಅಗಲ ಆಗಬೇಕು, ಇದೆಲ್ಲ ಮಾಸ್ಟರ್ ಪ್ಲಾನಿನಲ್ಲಿ ಬಣ್ಣವಾಗಿ ಕೂರುತ್ತದೆ. ಹಳದಿ ಇದ್ದರೆ ವಾಸ. ನೀಲಿ ಇದ್ದರೆ ವ್ಯಾಪಾರ. ನೇರಳೆ ಇದ್ದರೆ ಕೈಗಾರಿಕೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಈ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಅಂದರೆ ಇವತ್ತು ನಿಮ್ಮ ಗದ್ದೆಯ ಮೇಲೆ ಬಿದ್ದ ಬಣ್ಣ ಸಾಮಾನ್ಯವಾಗಿ ಮುಂದಿನ ಪರಿಷ್ಕರಣೆಯವರೆಗೆ ಅಲ್ಲೇ ಇರುತ್ತದೆ.

ಇಷ್ಟು ದೊಡ್ಡ ಕೆಲಸಕ್ಕೆ ದೇಶದಲ್ಲಿ ಎಷ್ಟು ಜನ ಇದ್ದಾರೆ? ನೀತಿ ಆಯೋಗ 2021ರಲ್ಲಿ ಇದರ ಬಗ್ಗೆಯೇ ಒಂದು ವರದಿ ಕೊಟ್ಟಿತು. ಅದರ ಪ್ರಕಾರ ಆಗ ಎಲ್ಲ ರಾಜ್ಯಗಳ ಯೋಜನಾ ಇಲಾಖೆಗಳನ್ನು ಸೇರಿಸಿದರೂ ಮಂಜೂರಾದ ಹುದ್ದೆಗಳು ನಾಲ್ಕು ಸಾವಿರ ದಾಟುತ್ತಿರಲಿಲ್ಲ. ಅವುಗಳಲ್ಲೂ ಎಷ್ಟೋ ಖಾಲಿ. ಬೇಕಾಗಿದ್ದದ್ದು 12 ಸಾವಿರಕ್ಕೂ ಜಾಸ್ತಿ ಜನ. ಇನ್ನೊಂದು ವಿಚಿತ್ರವೂ ಅದರಲ್ಲಿದೆ. ಹಲವು ರಾಜ್ಯಗಳಲ್ಲಿ ಟೌನ್ ಪ್ಲಾನರ್ ಹುದ್ದೆಗೆ ಟೌನ್ ಪ್ಲಾನಿಂಗ್ ಓದಿರಲೇಬೇಕು ಅಂತ ನಿಯಮವೇ ಇಲ್ಲ!

ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ, ಕೌನ್ಸಿಲ್ ಇದೆ, ನೋಂದಣಿ ಇದೆ. ಪ್ಲಾನರ್‌ಗಳಿಗೆ ಹಾಗೆ ಕಾಯ್ದೆಯಿಂದ ಹುಟ್ಟಿದ ಕೌನ್ಸಿಲ್ ಇಲ್ಲ. ಅಂಥದ್ದೊಂದು ಬೇಕು ಅಂತ ಅದೇ ವರದಿ ಹೇಳಿತು. 1951ರಿಂದ ಇರುವ ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್, ಇಂಡಿಯಾ ಎಂಬ ವೃತ್ತಿಪರ ಸಂಸ್ಥೆ ಸಮ್ಮೇಳನ ನಡೆಸುತ್ತದೆ. ನವೆಂಬರ್ 8ರಂದು ವಿಶ್ವ ನಗರ ಯೋಜನಾ ದಿನವೂ ಬರುತ್ತದೆ. ಆದರೆ ಡಿಗ್ರಿ ಕೈಗೆ ಬಂದ ಮೇಲೆ ಮುಂದಿನ ಮೂವತ್ತು ವರ್ಷ ಏನು ಕಲಿತಿರಿ ಅಂತ ಕೇಳುವವರು ಯಾರು? ಅಮೆರಿಕದಲ್ಲಿ ಪ್ರಮಾಣಪತ್ರ ಪಡೆದ ಪ್ಲಾನರ್ ಎರಡು ವರ್ಷದಲ್ಲಿ 32 ಗಂಟೆಯಷ್ಟು ಹೊಸ ಕಲಿಕೆ ತೋರಿಸಬೇಕು. ಅದರಲ್ಲಿ ಕಾನೂನಿಗೂ ವೃತ್ತಿಯ ನೀತಿಗೂ ಕಡ್ಡಾಯ ಪಾಲಿದೆ. ನಮ್ಮಲ್ಲೂ ತರಬೇತಿ ಇಲ್ಲ ಅಂತಲ್ಲ. ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿಸುತ್ತಾರೆ. ಡ್ರೋನ್ ಸರ್ವೆ ಕಲಿಸುತ್ತಾರೆ. ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಇದೆ. ಇದೆಲ್ಲ ಬೇಕು, ನನ್ನ ತಕರಾರು ಅದಕ್ಕಲ್ಲ.

ನನ್ನ ತಕರಾರು ಒಂದೇ. ವಾರ್ಡಿಗೆ ಹೋಗಿ ಜನರೊಂದಿಗೆ ಕೂತು ಕಲಿಯುವುದನ್ನು ಯಾರೂ ಕಲಿಕೆ ಅಂತ ಲೆಕ್ಕ ಹಾಕುವುದಿಲ್ಲ. ಎಸಿ ಹಾಲ್‌ನಲ್ಲಿ ಎರಡು ದಿನ ಸ್ಲೈಡ್ ನೋಡಿದರೆ ಪ್ರಮಾಣಪತ್ರ ಸಿಗುತ್ತದೆ. ಎರಡು ದಿನ ತೋಡಿನ, ಅಂದರೆ ಮಳೆನೀರು ಹರಿಯುವ ಹಳ್ಳದ, ಬದಿಯಲ್ಲಿ ನಡೆದರೆ ಏನೂ ಇಲ್ಲ. ಟಿಎ ಬಿಲ್ಲು ಪಾಸಾದರೆ ಅದೇ ಪುಣ್ಯ.

ತೋಡಿನ ಬದಿಯಲ್ಲಿ ಏನು ಕಲಿಯಲಿಕ್ಕಿದೆ ಅಂತ ಕೇಳಬಹುದು. ನಮ್ಮ ಕರಾವಳಿಯ ಹಳಬರು ಜಮೀನನ್ನು ಮೂರು ಬಗೆಯಾಗಿ ನೋಡುತ್ತಿದ್ದರು. ಬೈಲು ಅಂದರೆ ತಗ್ಗಿನ ಗದ್ದೆ. ಏಣೆಲು, ಸುಗ್ಗಿ, ಕೊಳಕೆ ಅಂತ ವರ್ಷಕ್ಕೆ ಮೂರು ಬೆಳೆ ತೆಗೆಯುವಷ್ಟು ನೀರು ಅಲ್ಲಿ. ಮಜಲು ಅದಕ್ಕಿಂತ ಸ್ವಲ್ಪ ಮೇಲೆ, ಎರಡು ಬೆಳೆ. ಬೆಟ್ಟು ಇನ್ನೂ ಮೇಲೆ, ಮಳೆ ನಂಬಿ ಒಂದೇ ಬೆಳೆ. ನೀರು ಎಲ್ಲಿಂದ ಇಳಿದು ಎಲ್ಲಿ ನಿಂತು ಎಲ್ಲಿ ಹರಿಯುತ್ತದೆ ಅನ್ನುವ ಲೆಕ್ಕ ಪೂರ್ತಿ ಈ ವಿಂಗಡಣೆಯಲ್ಲೇ ಇದೆ. ಮಾಸ್ಟರ್ ಪ್ಲಾನಿಗೆ ಬಂದಾಗ ಮೂರಕ್ಕೂ ಒಂದೇ ಹಳದಿ ಬಳಿದರೆ ಏನಾಗುತ್ತದೆ? ಬೈಲಿಗೆ ನಾಲ್ಕು ಅಡಿ ಕೆಂಪು ಮಣ್ಣು ತುಂಬಿ ಅಪಾರ್ಟ್‌ಮೆಂಟ್ ಏಳುತ್ತದೆ. ನೀರಿಗೆ ಹೋಗಲು ಜಾಗ ಇಲ್ಲದೆ ಪಕ್ಕದ ಹಳೇ ಮನೆಯ ಅಂಗಳಕ್ಕೆ ನುಗ್ಗುತ್ತದೆ. ಆ ಮನೆಯ ಅಜ್ಜಿಗೆ ಇದು ಮೊದಲೇ ಗೊತ್ತಿತ್ತು. ಅವರನ್ನು ಕೇಳಿದವರು ಯಾರು?

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2018ರ ಮೇ 29 ನೆನಪಿದೆಯಲ್ವಾ? ಮುಂಗಾರಿನ ಬಾಗಿಲಲ್ಲೇ ಸುರಿದ ಒಂದು ದಿನದ ಮಳೆಗೆ ನಗರದ ತಗ್ಗು ಪ್ರದೇಶಗಳು ಮುಳುಗಿದವು. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯ ಸರದಿ. ಇಂದ್ರಾಣಿ ಹೊಳೆ ಉಕ್ಕಿ ಕಲ್ಸಂಕದ ಸುತ್ತ ನೀರೋ ನೀರು. ಹೀಗಿರುವ ಊರಿನ ಸರ್ವೆಯನ್ನು ಫೆಬ್ರವರಿಯ ಬಿಸಿಲಲ್ಲಿ ಮಾಡಿ ಮುಗಿಸಿದರೆ ತೋಡು ಬರೀ ಕಸ ತುಂಬಿದ ಗುಂಡಿಯಾಗಿ ಕಾಣುತ್ತದೆ. ಅದಕ್ಕೇ ನಾನು ಹೇಳುವುದು, ಪ್ಲಾನರ್‌ಗಳು ಜೂನ್‌ನಲ್ಲಿ ಬರಲಿ. ಕೊಡೆ ಹಿಡಿದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರಲಿ. ಕೊಟ್ಟಾರ ಚೌಕಿಯಲ್ಲಿ ಅರ್ಧ ಗಂಟೆ ನಿಂತರೆ ಆಗುವ ಪಾಠ ಸ್ಲೈಡಿನಲ್ಲಿ ಆಗುವುದಿಲ್ಲ. ಹಳೇ ಕಂದಾಯ ದಾಖಲೆಯಲ್ಲಿ 'ತೋಡು ಪರಂಬೋಕು', ಅಂದರೆ ತೋಡಿಗೆ ಬಿಟ್ಟ ಸರ್ಕಾರಿ ಜಾಗ, ಅಂತ ಇರುವುದು ಈಗ ಯಾರ ಕಾಂಪೌಂಡಿನ ಒಳಗಿದೆ ಅನ್ನುವುದನ್ನೂ ಅಲ್ಲಿನ ಜನ ಮೆಲ್ಲಗೆ ಹೇಳುತ್ತಾರೆ. ಮೈಕ್ ಮುಂದೆ ಹೇಳುವುದಿಲ್ಲ, ಅದು ಬೇರೆ ಮಾತು.

ಇದು ನನ್ನ ಹೊಸ ಸಂಶೋಧನೆ ಏನಲ್ಲ. ನೂರು ವರ್ಷ ಹಿಂದೆ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್‌ಲೆಂಡಿನವರು ಭಾರತಕ್ಕೆ ಬಂದಿದ್ದರು. ಮೂಲತಃ ಜೀವಶಾಸ್ತ್ರದವರು. ನಗರಗಳ ಬಗ್ಗೆ ಒಂದು ದೊಡ್ಡ ಪ್ರದರ್ಶನ ಕಟ್ಟಿಕೊಂಡು ಮದರಾಸಿಗೆ ಹೊರಟಿದ್ದರು. ಅದರ ಸಾಮಗ್ರಿ ಹೇರಿದ ಹಡಗನ್ನು 1914ರಲ್ಲಿ ಜರ್ಮನಿಯ ಎಂಡೆನ್ ಯುದ್ಧನೌಕೆ ಮುಳುಗಿಸಿತು. ಮನುಷ್ಯ ಎದೆಗುಂದಲಿಲ್ಲ. ಸ್ನೇಹಿತರಿಂದ ಮತ್ತೆ ನಕ್ಷೆ, ಚಿತ್ರ ತರಿಸಿ 1915ರಲ್ಲಿ ಪ್ರದರ್ಶನ ನಡೆಸಿಯೇಬಿಟ್ಟರು. ಮೊದಲು ಊರನ್ನು ಓದು, ಆಮೇಲೆ ಗೆರೆ ಎಳೆ ಅನ್ನುವುದು ಅವರ ದಾರಿ. ಗಲ್ಲಿಗಳನ್ನು ನೆಲಸಮ ಮಾಡಿ ನೆಟ್ಟಗಿನ ರಸ್ತೆ ಹಾಕುವವರ ಜೊತೆ ಅವರಿಗೆ ಸದಾ ಜಗಳ. ತೀರಾ ಹಾಳಾದ ಒಂದೆರಡು ಮನೆ ತೆಗೆದು, ಅಲ್ಲೊಂದು ಮರ, ಒಂದು ಬಾವಿಕಟ್ಟೆ ಉಳಿಸಿಕೊಂಡರೆ ಸಾಕು ಅನ್ನುತ್ತಿದ್ದರು.

ಇಂದೋರಿನಲ್ಲಿ ಅವರು ಮಾಡಿದ್ದು ಇನ್ನೂ ಮಜವಾಗಿದೆ. ಊರಿನಲ್ಲಿ ಪ್ಲೇಗ್. ಜನರಿಗೆ ಈ ಹೊರಗಿನವನ ಮೇಲೆ ಅನುಮಾನ, ಮನೆ ಕೆಡವಲು ಬಂದಿದ್ದಾನೆ ಅಂತ. ಗೆಡ್ಡಿಸ್ ಮಹಾರಾಜರ ಹತ್ತಿರ ಹೋಗಿ, ಒಂದು ದಿನದ ಮಟ್ಟಿಗೆ ನನ್ನನ್ನು ರಾಜ ಮಾಡಿ ಅಂದರಂತೆ. ದೀಪಾವಳಿಯ ಮೆರವಣಿಗೆ ಮಾಮೂಲಿ ದಾರಿ ಬಿಟ್ಟು, ಯಾವ ಬೀದಿಯವರು ತಮ್ಮ ಬೀದಿಯನ್ನು ಜಾಸ್ತಿ ಚೊಕ್ಕ ಮಾಡಿದ್ದಾರೋ ಆ ಬೀದಿಗಳಲ್ಲಿ ಹೋಗುತ್ತದೆ ಅಂತ ಸಾರಿಸಿದರು. ಜನ ಪೊರಕೆ ಹಿಡಿದರು. ಗಾಡಿಗಟ್ಟಲೆ ಕಸ ಹೊರಬಿತ್ತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಬೊಂಬೆಯೂ ಇತ್ತು ಅಂತ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ.

ಉಡುಪಿಯವರಿಗೆ ಇದನ್ನು ಕೇಳಿ ಕೃಷ್ಣಮಠದ ಪರ್ಯಾಯೋತ್ಸವ ನೆನಪಾಗಿರಬೇಕು. ಎರಡು ವರ್ಷಕ್ಕೊಮ್ಮೆ, ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುತ್ತದೆ. ಅದಕ್ಕೆ ಮೊದಲು ಆ ದಾರಿಗೆ ಡಾಂಬರು, ದೀಪ, ಸುಣ್ಣಬಣ್ಣ. ಮೆರವಣಿಗೆಯ ದಾರಿ ಬದಲಿಸುವುದು ನಮ್ಮಲ್ಲಿ ಆಗದ ಮಾತು, ಬಿಡಿ. ಆದರೆ ಹೊರೆಕಾಣಿಕೆ ಊರೂರಿಂದ ಬರುತ್ತದಲ್ಲ, ತರಕಾರಿ, ಅಕ್ಕಿ, ತೆಂಗಿನಕಾಯಿ ಹೇರಿಕೊಂಡು? ಅಷ್ಟು ಜನರನ್ನು ಒಂದುಗೂಡಿಸುವ ವ್ಯವಸ್ಥೆ ಆಗಲೇ ಇದೆ. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಚರ್ಚಿನ ವಾಳೆ, ಮಸೀದಿಯ ಜಮಾತ್. ಜನರನ್ನು ಸೇರಿಸುವುದು ಹೇಗೆ ಅಂತ ಪ್ಲಾನರ್ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಇವರ ಬಾಗಿಲು ತಟ್ಟಿದರೆ ಆಯ್ತು.

ಕಾನೂನು ಏನು ಹೇಳುತ್ತದೆ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಜೊತೆ ಹನ್ನೆರಡನೇ ಅನುಸೂಚಿ ಬಂತು. ನಗರಸಭೆ, ಪಾಲಿಕೆಗಳ 18 ಕೆಲಸಗಳ ಪಟ್ಟಿ ಅದು. ಪಟ್ಟಿಯ ಮೊದಲ ಕೆಲಸವೇ ನಗರ ಯೋಜನೆ. ಮೂರು ದಶಕ ಕಳೆದರೂ ನಮ್ಮಲ್ಲಿ ಪ್ಲಾನು ಮಾಡುವುದು ಪ್ರಾಧಿಕಾರ, ಓಟು ಹಾಕಿಸಿಕೊಳ್ಳುವುದು ಪಾಲಿಕೆ. ಇಬ್ಬರ ನಡುವೆ ಸಿಕ್ಕಿದ ನಾಗರಿಕ ಯಾವ ಮೆಟ್ಟಿಲು ಹತ್ತಬೇಕು? ವಾರ್ಡ್ ಸಮಿತಿ ಇದಕ್ಕೊಂದು ಕಿಟಕಿ. ಕಾರ್ಪೊರೇಟರ್ ಅಧ್ಯಕ್ಷರು, ಹತ್ತು ಜನ ಸದಸ್ಯರು, ಮಹಿಳೆಯರಿಗೂ ಪರಿಶಿಷ್ಟರಿಗೂ ಅದರಲ್ಲಿ ಕಡ್ಡಾಯ ಸ್ಥಾನ, ತಿಂಗಳಿಗೊಂದು ಸಭೆ. ಮಂಗಳೂರಿನಲ್ಲಿ ಅದು ಸುಮ್ನೆ ಬಂದದ್ದಲ್ಲ. ನಾಗರಿಕರು ವರ್ಷಗಟ್ಟಲೆ ಬೆನ್ನು ಬಿದ್ದು, ಹೈಕೋರ್ಟಿನವರೆಗೆ ಹೋದ ಮೇಲೆ ಬಂದದ್ದು. ಅಲ್ಲಿ ಒಂದು ದಿನವೂ ಪ್ಲಾನರ್ ಕೂತದ್ದನ್ನು ನಾನು ಕಂಡಿಲ್ಲ. ಚರಂಡಿ, ಬೀದಿದೀಪ ಅಷ್ಟಕ್ಕೇ ಮಾತು ಮುಗಿಯುತ್ತದೆ. ಹತ್ತು ವರ್ಷದ ಮಾತು ಬರುವುದೇ ಇಲ್ಲ.

ಪಕ್ಕದ ಕೇರಳವನ್ನು ನೋಡಿ. ತಲಪಾಡಿ ದಾಟಿದರೆ ಸಿಗುತ್ತದೆ. 1996ರಲ್ಲಿ ಅಲ್ಲಿ ಜನಕೀಯ ಯೋಜನೆ ಶುರುವಾಯಿತು. ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕಿಂತ ಜಾಸ್ತಿ ಪಾಲನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಡಲಾಯಿತು. ಹಣ ಕೊಟ್ಟದ್ದಕ್ಕಿಂತ ನನಗೆ ಇಷ್ಟವಾದದ್ದು ತರಬೇತಿಯ ಏರ್ಪಾಡು. ಸಾವಿರಾರು ಜನರಿಗೆ ಯೋಜನೆ ಮಾಡುವುದನ್ನು ಕಲಿಸಿದರು. ನಿವೃತ್ತ ಇಂಜಿನಿಯರ್, ಡಾಕ್ಟರ್, ಪ್ರೊಫೆಸರ್‌ಗಳನ್ನು ಸ್ವಯಂಸೇವಕರ ತಾಂತ್ರಿಕ ಪಡೆಯಾಗಿ ಕಟ್ಟಿದರು. ನಮ್ಮಲ್ಲಿ ನಿವೃತ್ತ ಇಂಜಿನಿಯರ್‌ಗಳಿಗೆ, ಬ್ಯಾಂಕ್ ಅಧಿಕಾರಿಗಳಿಗೆ ಬರಗಾಲವೇ? ಬೆಳಗ್ಗೆ ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು ಹೊಡೆದರೆ ಒಂದು ತಂಡ ಕಟ್ಟಬಹುದು. ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಕಲಿಸುವ ಶಾಲೆಯೇ ಇದೆ. ಅಲ್ಲಿನ ವಿದ್ಯಾರ್ಥಿ ದೂರದ ಯಾವುದೋ ನಗರದ ಮೇಲೆ ಪ್ರಾಜೆಕ್ಟ್ ಮಾಡುವ ಬದಲು ಇಂದ್ರಾಣಿಯ ಉದ್ದಕ್ಕೂ ಒಂದು ಮಳೆಗಾಲ ನಡೆಯಲಿ.

ಇನ್ನು ಸಭೆ ಕರೆಯುವ ವಿಷಯ. ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಕಚೇರಿಯ ಮೂರನೇ ಮಹಡಿಯಲ್ಲಿ ಸಭೆ ಇಟ್ಟರೆ ಯಾರು ಬರುತ್ತಾರೆ? ಬಿಲ್ಡರ್ ಕಡೆಯವರು ಬರುತ್ತಾರೆ. ದಕ್ಕೆಯಲ್ಲಿ ಮೀನಿನ ಕೆಲಸ ಮಾಡುವವರಿಗೆ ಬೆಳಗ್ಗೆ ಪುರುಸೊತ್ತಿಲ್ಲ. ಬೀಡಿ ಕಟ್ಟುವ ಹೆಂಗಸರು ಬೀಡಿ ಕೊಡಲು ಬ್ರಾಂಚಿಗೆ ಹೋಗುವ ಹೊತ್ತು ಬೇರೆ. ಹಾಗಾದರೆ ಬ್ರಾಂಚಿನ ಹತ್ತಿರವೇ, ಅವರು ಬರುವ ಹೊತ್ತಿಗೇ ಒಂದು ಮೇಜು ಹಾಕಬಹುದಲ್ಲ? ನಕ್ಷೆಯನ್ನು ಗೋಡೆಗೆ ನೇತುಹಾಕಬೇಡಿ, ನೆಲಕ್ಕೆ ಹಾಸಿ. ಜನ ಮೊದಲು ದೈವಸ್ಥಾನ ಹುಡುಕುತ್ತಾರೆ, ಆಮೇಲೆ ಶಾಲೆ, ಆಮೇಲೆ ತಮ್ಮ ಮನೆ. ಅಲ್ಲಿಂದ ಮಾತು ಶುರುವಾಗುತ್ತದೆ. ಮಾತು ತುಳುವಿನಲ್ಲಿ ಆಗಲಿ. ಬಂದರಿನಲ್ಲಾದರೆ ಬ್ಯಾರಿಯಲ್ಲಿ, ಕೊಂಕಣಿಯಲ್ಲಿ. ಕಡತದ ಕನ್ನಡದಲ್ಲಿ 'ಭೂ ಉಪಯೋಗ ಬದಲಾವಣೆ' ಅಂದರೆ ಕನ್ನಡದವರೇ ಕಣ್ಣು ಬಿಡುತ್ತಾರೆ. ಬಸ್ ಕಂಡಕ್ಟರ್‌ಗಳನ್ನು ಮರೆಯಬೇಡಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್‌ವರೆಗೆ ಯಾವ ಸ್ಟಾಪಿನಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಹತ್ತುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ.

ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯನ್ನೂ ಇಲ್ಲಿ ಹೇಳಲೇಬೇಕು. 2019ರ ಆಗಸ್ಟ್‌ನಲ್ಲಿ ಕಸದ ಗುಡ್ಡ ಮಳೆಗೆ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಕೆಳಗೆ ವಾಸವಿದ್ದವರಿಗೆ ಆ ಗುಡ್ಡ ಬೆಳೆಯುವುದು ದಿನಾ ಕಾಣುತ್ತಿತ್ತು. ಪ್ಲಾನಿಂಗ್ ತರಗತಿಯಲ್ಲಿ ಇದು ಪಾಠವಾಗಬೇಕು, ಅಲ್ಲಿನವರೇ ಬಂದು ಹೇಳುವ ಪಾಠ. ಅವರಿಗೆ ಅತಿಥಿ ಉಪನ್ಯಾಸಕರ ಗೌರವಧನವನ್ನೂ ಕೊಡಬೇಕು.

ಕೊನೆಗೆ ಕೇಳುಗರಿಗೆ ಒಂದು ಕೆಲಸದ ಮಾತು. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದರೆ ಆಕ್ಷೇಪಣೆ, ಸಲಹೆ ಕೊಡಲು 60 ದಿನ ಸಮಯ ಇರುತ್ತದೆ. 'ನಮಗೆ ಅನ್ಯಾಯವಾಗಿದೆ' ಅಂತ ಮಾತ್ರ ಬರೆದರೆ ಅದು ಕಟ್ಟಿನಲ್ಲಿ ಸೇರಿಹೋಗುತ್ತದೆ. ಸರ್ವೆ ನಂಬರ್ ಬರೆಯಿರಿ. ತೋಡು ಎಲ್ಲಿಂದ ಎಲ್ಲಿಗೆ ಅಂತ ಕೈಯಲ್ಲೇ ಒಂದು ಚಿತ್ರ ಬಿಡಿಸಿ. ಮಳೆಗಾಲದಲ್ಲಿ ನೀರು ನಿಂತಾಗ ತೆಗೆದ ಫೋಟೊ ಇದ್ದರೆ ತಾರೀಖು ಹಾಕಿ ಲಗತ್ತಿಸಿ. ಯಾವ ಬಣ್ಣ ಬೇಡ, ಅದರ ಬದಲು ಏನು ಬೇಕು ಅಂತ ಒಂದೇ ಸಾಲಿನಲ್ಲಿ ಹೇಳಿ. ಅಕ್ಕಪಕ್ಕದ ಹತ್ತು ಮನೆಯವರು ಸೇರಿ ಕೊಟ್ಟರೆ ಇನ್ನೂ ಒಳ್ಳೆಯದು. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಬೀಳದೆ ಕೌಂಟರ್ ಬಿಟ್ಟು ಕದಲಬೇಡಿ.

ನಮಸ್ಕಾರ.