ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ

ಕೇಳುಗರಿಗೆ ನಮಸ್ಕಾರ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದುಡಿಯುವ ದಾದಿಯರು, ವೈದ್ಯರು, ಪ್ರಯೋಗಾಲಯದವರು ಮತ್ತು ಕಸ ಎತ್ತುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ಮಾತು ಹೇಳಲು ಬಂದಿದ್ದೇನೆ: ಬಳಸಿದ ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ, ಆಗಲೇ ಹೇಳಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ರೋಗಿಗಳ ಸಾಲು ಬಾಗಿಲು ದಾಟಿ ನಿಂತಿದ್ದ ಒಂದು ಬೆಳಿಗ್ಗೆ, ಒಬ್ಬರ ರಕ್ತ ತೆಗೆದು ಸೂಜಿಗೆ ಮುಚ್ಚಳ ಹಾಕಲು ಹೋದೆ. ಸೂಜಿ ಹಾಕುವ ಡಬ್ಬಿ ಕೋಣೆಯ ಆಚೆ ಮೂಲೆಯಲ್ಲಿತ್ತು. ಅಲ್ಲಿಯವರೆಗೆ ನಡೆಯಲು ಪುರುಸೊತ್ತಿರಲಿಲ್ಲ. ಮುಚ್ಚಳ ತಪ್ಪಿತು, ಸೂಜಿ ಎಡಗೈ ಹೆಬ್ಬೆರಳಿಗೆ ಇಳಿಯಿತು, ಕೈಗವಸಿನ ಒಳಗೆ ಒಂದು ಕೆಂಪು ಚುಕ್ಕೆ ಮೆಲ್ಲಗೆ ಹರಡಿತು. ಬೆರಳು ಹಿಂಡಿ, ಹೊಸ ಕೈಗವಸು ತೊಟ್ಟು, ಮುಂದಿನವರನ್ನು ಕರೆದೆ. ಆ ರಾತ್ರಿಯೂ ಮರುರಾತ್ರಿಯೂ ನಿದ್ದೆ ಬರಲಿಲ್ಲ. ಮೂರನೆಯ ದಿನ ಕದ್ದುಮುಚ್ಚಿ ರಿಜಿಸ್ಟರ್ ತಿರುವುತ್ತಿದ್ದಾಗ ಹಿರಿಯ ದಾದಿಯೊಬ್ಬರು, "ಏನು ಹುಡುಕುತ್ತಿದ್ದೀರಿ ಡಾಕ್ಟ್ರೇ?" ಎಂದು ಕೇಳಿ, ನನ್ನ ಬಾಯಿ ಬಿಡಿಸಿ, ಎಚ್‌ಐವಿ ತಡೆಯುವ ಔಷಧಿ ಆರಂಭಿಸಲು ಇದ್ದ 72 ಗಂಟೆಗಳ ಗಡುವು ಮುಗಿಯುವ ಮೊದಲೇ ತಜ್ಞರ ಬಳಿ ಕಳುಹಿಸಿದರು. ನನ್ನ ಮೇಲಧಿಕಾರಿಗಳು ಹೇಳಿದ್ದಿಷ್ಟೆ: "ಸ್ವಲ್ಪ ಜೋಪಾನವಾಗಿ ಇರಬಾರದೇ?" ಜನ ಬಾಯಿ ಬಿಡದಿರುವುದು ಈ ಒಂದು ಮಾತಿಗೆ ಹೆದರಿ! ಡಬ್ಬಿ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ತಿಂಗಳುಗಳ ಪರೀಕ್ಷೆಯ ನಂತರ ಏನೂ ತಗಲಿಲ್ಲವೆಂದು ಖಚಿತವಾಯಿತು.

ಸೋಂಕಿತ ರಕ್ತದ ಸೂಜಿ ಚುಚ್ಚಿದಾಗ ಎಚ್‌ಐವಿ ಹರಡುವ ಸಂಭವ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ತಗಲುವ ಸಂಭವವಾದರೋ ನೂರಕ್ಕೆ 30ರವರೆಗೂ ಇರುತ್ತದೆ. ಆದ್ದರಿಂದ ಆ ಲಸಿಕೆಯ ಮೂರೂ ಡೋಸ್‌ಗಳನ್ನು ಪೂರ್ತಿ ಮಾಡಿಕೊಳ್ಳಿ. ಸೂಜಿ ಚುಚ್ಚಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ನಾನು ಮಾಡಿದಂತೆ ಹಿಂಡಬೇಡಿ, ಬ್ಲೀಚ್ ಸುರಿಯಬೇಡಿ. ತೊಳೆದ ಮೇಲೆ ಹೇಳಿ. ಎಚ್‌ಐವಿ ತಡೆಯುವ ಔಷಧಿಯನ್ನು ಮೊದಲ ಕೆಲವು ಗಂಟೆಗಳಲ್ಲೇ ಆರಂಭಿಸಿ 28 ದಿನ ಸೇವಿಸಬೇಕಾಗುತ್ತದೆ. ಮೂರನೆಯ ದಿನದವರೆಗೆ ಕಾಯುವುದು ನನ್ನಂಥವರ ದಡ್ಡತನ.

ಬೆನ್ನುನೋವು, ಗಾಳಿಯಾಡದ ಕೋಣೆಯಲ್ಲಿ ಹರಡುವ ಕ್ಷಯ, ರೋಗಿಗಳ ಕಡೆಯವರ ಬೈಗುಳ, ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ಸಂಗತಿಯೆಂದು ತನ್ನ ರೋಗ ವರ್ಗೀಕರಣದಲ್ಲಿ ಸೇರಿಸಿದ, ಕೆಲಸದ ಒತ್ತಡದಿಂದಾಗುವ ತೀವ್ರ ದಣಿವು (ಬರ್ನ್‌ಔಟ್), ಇವುಗಳನ್ನೂ ವಿವರಿಸಬೇಕೆಂದಿದ್ದೆ. ನನ್ನ ಹೆಬ್ಬೆರಳಿನ ಕಥೆಯೇ ಸಮಯ ತಿಂದಿತು. ನಾಳೆ ಕೆಲಸ ಆರಂಭಿಸುವ ಮೊದಲು, ಸೂಜಿ ಡಬ್ಬಿ ಕುಳಿತಲ್ಲಿಂದಲೇ ಕೈಗೆಟುಕುತ್ತದೆಯೇ ನೋಡಿ, ಮುಕ್ಕಾಲು ತುಂಬಿದ್ದರೆ ಬದಲಿಸಲು ಹೇಳಿ. ನಮಸ್ಕಾರ.