32 ಬಿಟ್, 64 ಬಿಟ್: ಎರಡು ಪ್ರೊಸೆಸರ್‌ಗೆ ಒಂದೇ ಕೋಡ್ ಹೇಗೆ?

[ಮೇಜಿನ ಮೇಲೆ ಎರಡು ಕಂಪ್ಯೂಟರ್]

ಎಲ್ಲರಿಗೂ ನಮಸ್ಕಾರ, ಉಡುಪಿಯಿಂದ. ಎಡಗಡೆ ಇರುವುದು ರಥಬೀದಿ ಹತ್ತಿರದ ಒಂದು ಅಂಗಡಿಯಲ್ಲಿ ಬಿಲ್ ಹಾಕಲು ಇಟ್ಟಿದ್ದ ಹಳೇ ಪೆಂಟಿಯಂ 4. ಕಡಲ ಗಾಳಿಗೆ ಕೇಸ್ ತುಕ್ಕು ಹಿಡಿದಿದೆ, ಆದ್ರೆ ಮಷಿನ್ ಗಟ್ಟಿ ಉಂಟು. 32 ಬಿಟ್, ಅಂದ್ರೆ ಒಂದು ಸಲಕ್ಕೆ 32 ಬಿಟ್‌ನ ಸಂಖ್ಯೆ ಹಿಡಿಯುವ ಪ್ರೊಸೆಸರ್. ಬಲಗಡೆ ಮಣಿಪಾಲದಲ್ಲಿ ಓದುವ ನಮ್ಮ ಹುಡುಗನ ಲ್ಯಾಪ್‌ಟಾಪ್, 64 ಬಿಟ್. ಎರಡರಲ್ಲೂ ಲಿನಕ್ಸ್. ಎರಡರ ಕರ್ನಲ್ಲೂ, ಅಂದ್ರೆ ಹಾರ್ಡ್‌ವೇರನ್ನು ನಡೆಸುವ ಲಿನಕ್ಸ್‌ನ ತಿರುಳು, ಒಂದೇ ಸೋರ್ಸ್ ಕೋಡ್‌ನಿಂದ ಬಂದದ್ದು. ಅದು ಹೇಗೆ ಅಂತ ಇವತ್ತು ನೋಡುವ.

[ಎರಡೂ ಸ್ಕ್ರೀನ್ ಹತ್ತಿರದಿಂದ]

ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆದಿದ್ದೇನೆ. ಲಾಂಗ್ ಅನ್ನುವ ವೇರಿಯೇಬಲ್‌ಗೆ ಎಷ್ಟು ಬೈಟ್ ಬೇಕು ಅಂತ ಕೇಳುತ್ತದೆ, ಅಷ್ಟೇ. ಹಳೇ ಮಷಿನ್ 4 ಅಂತ ಹೇಳಿತು. ಲ್ಯಾಪ್‌ಟಾಪ್ 8 ಅಂತ. ಮೆಮೊರಿಯ ವಿಳಾಸ ಇಡುವ ಪಾಯಿಂಟರ್‌ದೂ ಇದೇ ಲೆಕ್ಕ. ಸಾಮಾನ್ಯ ಕೆಲಸದ ರಿಜಿಸ್ಟರ್, ಅಂದ್ರೆ ಪ್ರೊಸೆಸರ್ ಒಳಗಿನ ಪುಟ್ಟ ಖಾನೆಗಳು, ಅಲ್ಲಿ 8, ಇಲ್ಲಿ 16. ಪ್ರೋಗ್ರಾಮ್ ಕರ್ನಲ್‌ಗೆ ಕೊಡುವ ಕರೆಗೆ ಸಿಸ್ಟಮ್ ಕಾಲ್ ಅನ್ನುತ್ತಾರೆ; ಬರೆಯುವ ಕರೆ, ಅಂದ್ರೆ ರೈಟ್, ಅದರ ನಂಬರ್ ಅಲ್ಲಿ 4, ಇಲ್ಲಿ 1. ಹಾಗಾದ್ರೆ ಪೂರ್ತಿ ಬೇರೆಯಾ? ಅಲ್ಲ. ಹಾರ್ಡ್‌ವೇರ್ ಸಿಪಿಯುವನ್ನು ಕರೆಯುವ ಇಂಟರಪ್ಟ್, ಟೈಮರ್, ಕಾರ್ಡ್ ಜೋಡಿಸುವ ಪಿಸಿಐ, ಎಲ್ಲ ಹೆಚ್ಚುಕಡಿಮೆ ಒಂದೇ. ನಮ್ಮ ಯಕ್ಷಗಾನದಲ್ಲಿ ತೆಂಕು, ಬಡಗು ಎರಡೂ ತಿಟ್ಟಿನವರು ಒಂದೇ ಪ್ರಸಂಗ ಆಡುವುದಿಲ್ವಾ? ಕಥೆ ಅದೇ, ಚೆಂಡೆ ಬೇರೆ, ವೇಷ ಬೇರೆ.

ಈಗ ಸ್ವಲ್ಪ ಹಿಂದೆ ಹೋಗುವ. ಎಎಂಡಿ ಕಂಪನಿಯ 64 ಬಿಟ್ ಪ್ರೊಸೆಸರ್ ಆಪ್ಟೆರಾನ್ 2003ರಲ್ಲಿ ಮಾರುಕಟ್ಟೆಗೆ ಬಂತು. ಲಿನಕ್ಸ್‌ನಲ್ಲಿ ಆಗಲೇ 32 ಬಿಟ್‌ಗೆ ಐ386 ಅಂತ ಒಂದು ಫೋಲ್ಡರ್ ಇತ್ತು. ಅದರ ಪಕ್ಕದಲ್ಲೇ 64 ಬಿಟ್‌ಗೆ ಎಕ್ಸ್86_64 ಅಂತ ಇನ್ನೊಂದು ಮಾಡಿದರು. ಹೊಸ ಪ್ರೊಸೆಸರ್ ಬೇಗ ಓಡಬೇಕು ಅಂದ್ರೆ ಅದೇ ಸುಲಭದ ದಾರಿ. ಕೆಲವು ಫೈಲ್ ನಕಲಾದವು. ಇನ್ನು ಕೆಲವನ್ನು ಹೊಸ ಫೋಲ್ಡರಿನ ಮೇಕ್‌ಫೈಲ್, ಅಂದ್ರೆ ಯಾವ ಫೈಲ್ ಕಂಪೈಲ್ ಮಾಡಬೇಕು ಅಂತ ಹೇಳುವ ಪಟ್ಟಿ, ನೇರವಾಗಿ ಹಳೇ ಫೋಲ್ಡರಿನಿಂದಲೇ ಎಳೆದುಕೊಳ್ಳುತ್ತಿತ್ತು.

ತೊಂದರೆ ಶುರುವಾಗುವುದೇ ಇಲ್ಲಿ. ನಕಲಾದ ಫೈಲ್‌ನಲ್ಲಿ ಒಂದು ಬಗ್ ಇದೆ ಅಂತ ಇಟ್ಟುಕೊಳ್ಳಿ. ಒಂದು ಕಡೆ ಸರಿ ಮಾಡಿದವರಿಗೆ ಇನ್ನೊಂದು ಕಡೆಯೂ ಅದೇ ಬಗ್ ಇದೆ ಅಂತ ಹೊಳೆಯಬೇಕಲ್ಲ? ಎಳೆದುಕೊಂಡ ಫೈಲ್‌ದು ಇದರ ಉಲ್ಟಾ. ಐ386 ಫೋಲ್ಡರಿನಲ್ಲಿ ಕೈ ಹಾಕಿದವರಿಗೆ, ಇದನ್ನು ಪಕ್ಕದವರೂ ಬಳಸುತ್ತಾರೆ ಅಂತ ಆ ಫೈಲ್ ನೋಡಿದರೆ ಗೊತ್ತೇ ಆಗುವುದಿಲ್ಲ. ಇಲ್ಲಿ ಬದಲಾಯಿಸಿದರೆ ಅಲ್ಲಿ ಮುರಿಯುತ್ತದೆ. ಕೋಡ್ ಹಂಚಿಕೊಳ್ಳುವುದು ನಾಲ್ಕು ಸಾಲು ಉಳಿಸಲಿಕ್ಕೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಸಣ್ಣ ಲಾಭ. ಒಂದು ಕಡೆ ಮಾಡಿದ ರಿಪೇರಿ ಎರಡೂ ಕಡೆ ತಲುಪಬೇಕು, ಅದೇ ದೊಡ್ಡದು.

2007ರಲ್ಲಿ ಲಿನಕ್ಸ್ ಕರ್ನಲ್ ಬರೆಯುವ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೋ ಮೋಲ್ನಾರ್ ಎರಡೂ ಫೋಲ್ಡರ್ ಸೇರಿಸುವ ಅಂತ ಮುಂದೆ ಬಂದರು. ಆಗ 64 ಬಿಟ್ ಭಾಗ ನೋಡಿಕೊಳ್ಳುತ್ತಿದ್ದ ಆಂಡಿ ಕ್ಲೀನ್ ಒಪ್ಪಲಿಲ್ಲ. ಹಳೇ ಹಾರ್ಡ್‌ವೇರಿನ ರಗಳೆಯೆಲ್ಲ ಹೊಸ ಕೋಡಿಗೆ ಯಾಕೆ ಅನ್ನುವುದು ಅವರ ವಾದ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಆದರೂ ಸೇರಿಸುವುದೇ ಗೆದ್ದಿತು. 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಎಕ್ಸ್86 ಅಂತ ಒಂದೇ ಫೋಲ್ಡರ್.

ಅವರು ಮಾಡಿದ ಕ್ರಮ ನನಗೆ ತುಂಬ ಇಷ್ಟ. ಮೊದಲು ಕೋಡ್ ಮುಟ್ಟಲೇ ಇಲ್ಲ. ಫೈಲ್‌ಗಳನ್ನು ಒಂದೇ ಜಾಗಕ್ಕೆ ತಂದು, ಹೆಸರಿನ ಕೊನೆಗೆ _32, _64 ಅಂತ ಅಂಟಿಸಿದರು. ಆಮೇಲೆ ಒಂದೊಂದೇ ಜೋಡಿಯನ್ನು ಅಕ್ಕಪಕ್ಕ ಇಟ್ಟು, ಹೋಲುವುದನ್ನು ಸೇರಿಸುತ್ತಾ ಹೋದರು.

[ಸ್ಕ್ರೀನ್‌ನಲ್ಲಿ ಎಕ್ಸ್86ರ ಕರ್ನಲ್ ಫೋಲ್ಡರ್]

ಇಲ್ಲಿ ನೋಡಿ. ಪ್ರೋಸೆಸ್ ಅನ್ನುವ ಹೆಸರಲ್ಲಿ ಮೂರು ಫೈಲ್ ಉಂಟು: ಬರೀ ಪ್ರೋಸೆಸ್, ಪ್ರೋಸೆಸ್_32, ಪ್ರೋಸೆಸ್_64. ಸಾಮಾನ್ಯವಾದದ್ದು ಮೊದಲನೆಯದರಲ್ಲಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಸಿಪಿಯು ಬದಲಾಗುವ ಆ ಸೂಕ್ಷ್ಮ ಜಾಗ ಮಾತ್ರ ಇವತ್ತಿಗೂ ಬೇರೆ ಬೇರೆ. ಅಲ್ಲಿ ಒತ್ತಾಯದಿಂದ ಸೇರಿಸಿದ್ದರೆ ಹೆಜ್ಜೆಗೊಂದು ಇಫ್‌ಡೆಫ್, ಅಂದ್ರೆ '32 ಆದರೆ ಇದು, 64 ಆದರೆ ಅದು' ಅನ್ನುವ ಕವಲು, ಬರುತ್ತಿತ್ತು, ಓದುವವರ ಗತಿ ಏನು ಮಾರಾಯ್ರೆ?

ಎಲ್ಲವನ್ನೂ ಸೇರಿಸಬೇಕು ಅಂತಲೂ ಇಲ್ಲ. ನಿಮ್ಮ ಫೋನಿನ ಆರ್ಮ್ ಪ್ರೊಸೆಸರ್ ತಗೊಳ್ಳಿ. 64 ಬಿಟ್ ಆರ್ಮ್ 2012ರ ಡಿಸೆಂಬರ್‌ನಲ್ಲಿ ಲಿನಕ್ಸ್ 3.7ಕ್ಕೆ ಬಂದದ್ದು ಬೇರೆ ಫೋಲ್ಡರಿನಲ್ಲಿ, ಈಗಲೂ ಹಾಗೇ ಇದೆ. ಇನ್‌ಸ್ಟ್ರಕ್ಷನ್ ಬರೆಯುವ ರೀತಿಯೇ ಹೊಸದು, 16 ಇದ್ದ ರಿಜಿಸ್ಟರ್ 31 ಆದವು. ಹೆಸರು ಒಂದೇ ಅಂತ ಸೇರಿಸಿದ್ದರೆ ಜಾಸ್ತಿ ಕಷ್ಟವೇ. ಡ್ರೈವರ್, ಫೈಲ್ ಸಿಸ್ಟಮ್, ನೆಟ್‌ವರ್ಕ್ ಕೋಡ್ ಹೇಗೂ ಈ ಫೋಲ್ಡರ್‌ಗಳ ಹೊರಗೆ, ಎಲ್ಲರಿಗೂ ಒಂದೇ.

ರಿಸ್ಕ್-ಫೈವ್ ಅನ್ನುವ ಇನ್ನೊಂದು ಬಗೆಯ ಪ್ರೊಸೆಸರಿನವರು ಶುರುವಿನಿಂದಲೇ 32, 64 ಎರಡಕ್ಕೂ ಒಂದೇ ಫೋಲ್ಡರ್ ಇಟ್ಟುಕೊಂಡರು. ಅದರ ಅಸೆಂಬ್ಲಿ ಕೋಡ್ ತೆರೆದರೆ ರೆಗ್_ಎಲ್ ಅಂತ ಒಂದು ಮ್ಯಾಕ್ರೋ, ಅಂದ್ರೆ ಕಂಪೈಲ್ ಮಾಡುವಾಗ ಬೇರೆ ಕೋಡ್ ಆಗಿ ಬದಲಾಗುವ ಹೆಸರು, ಕಾಣುತ್ತದೆ. ಮೆಮೊರಿಯಿಂದ ರಿಜಿಸ್ಟರ್‌ಗೆ ತುಂಬಿಸುವ ಕೆಲಸ ಅದರದ್ದು. 32 ಬಿಟ್‌ಗೆ ಕಂಪೈಲ್ ಮಾಡಿದರೆ ಅದು ಎಲ್‌ಡಬ್ಲ್ಯೂ ಅನ್ನುವ ಇನ್‌ಸ್ಟ್ರಕ್ಷನ್ ಆಗುತ್ತದೆ, 64ಕ್ಕೆ ಎಲ್‌ಡಿ. ವ್ಯತ್ಯಾಸ ಇರುವುದು ಹೆಡರಿನ, ಅಂದ್ರೆ ಎಲ್ಲ ಫೈಲ್‌ಗಳೂ ಸೇರಿಸಿಕೊಳ್ಳುವ ಫೈಲಿನ, ಒಂದು ಜಾಗದಲ್ಲಿ. ಅದನ್ನು ಬಳಸುವ ಸಾಲುಗಳಲ್ಲಿ ಒಂದು ಇಫ್‌ಡೆಫ್ ಕೂಡ ಬೇಕಾಗಿಲ್ಲ.