ಮೈಹರಿನ ಪಾಠ, ಕ್ಯಾಲಿಫೋರ್ನಿಯಾದ ಕ್ಲಾಸು

ಎಲ್ಲರಿಗೂ ನಮಸ್ಕಾರ.

ಸರೋದ್ ನುಡಿಸುವವರ ಎಡಗೈ ಉಗುರನ್ನು ಹತ್ತಿರದಿಂದ ನೋಡಿದ್ದೀರಾ? ಉಗುರಿನ ಅಂಚಿನಲ್ಲಿ ತಂತಿ ಕೊರೆದ ಗೆರೆ ಇರುತ್ತದೆ. ಸಿತಾರಿಗೆ ಇರುವ ಹಾಗೆ ಸರೋದಿಗೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ. ನುಣುಪಾದ ಉಕ್ಕಿನ ತಗಡು, ಅದರ ಮೇಲೆ ತಂತಿ, ಅಷ್ಟೇ. ತಂತಿಯನ್ನು ಉಗುರಿನಿಂದ ಒತ್ತಿ ಜಾರಿಸಬೇಕು. ಬಲಗೈಯಲ್ಲಿ ತೆಂಗಿನ ಚಿಪ್ಪಿನ ತುಂಡು, ಅದಕ್ಕೆ ಜವಾ ಅಂತಾರೆ. ಸ್ವರ ಎಲ್ಲಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಕಿವಿಯೇ ದಾರಿ ತೋರಿಸಬೇಕು.

ಇಂಥ ವಾದ್ಯ ಹಿಡಿದು ಅಮೆರಿಕಕ್ಕೆ ಹೋಗಿ, ಅಲ್ಲೇ ನೆಲೆಸಿ, ನಾಲ್ಕು ದಶಕ ಪಾಠ ಹೇಳಿದವರು ಉಸ್ತಾದ್ ಅಲಿ ಅಕ್ಬರ್ ಖಾನ್. ಇವತ್ತು ಅವರ ಬಗ್ಗೆ ಮಾತಾಡೋಣ.

ಹುಟ್ಟಿದ್ದು 1922ರಲ್ಲಿ, ಈಗಿನ ಬಾಂಗ್ಲಾದೇಶದಲ್ಲಿ. ಬೆಳೆದದ್ದು ಈಗಿನ ಮಧ್ಯಪ್ರದೇಶದ ಮೈಹರಿನಲ್ಲಿ. ಅಪ್ಪ ಬಾಬಾ ಅಲ್ಲಾವುದ್ದೀನ್ ಖಾನ್ ಅಲ್ಲಿನ ಆಸ್ಥಾನ ವಿದ್ವಾಂಸರು. ಪಾಠಕ್ಕೆ ಕೂತರೆ ಅವರಿಗೆ ಮಗನೂ ಒಬ್ಬ ಶಿಷ್ಯ, ಅಷ್ಟೇ. ದಿನಕ್ಕೆ ಹದಿನೆಂಟು ಗಂಟೆವರೆಗೂ ರಿಯಾಜ್, ಅಂದರೆ ಅಭ್ಯಾಸ, ನಡೆಯುತ್ತಿತ್ತಂತೆ. ತಪ್ಪಿದರೆ ಏಟು. ಹೊಡೆದು ಕಲಿಸುವುದನ್ನು ನಾನಂತೂ ಒಪ್ಪಲಾರೆ. ಆದರೆ ಆ ಮನೆಯಲ್ಲಿ ಕಲಿತವರ ಹೆಸರು ಕೇಳಿ: ಅಲಿ ಅಕ್ಬರ್, ತಂಗಿ ಅನ್ನಪೂರ್ಣಾದೇವಿ, ಮುಂದೆ ಆಕೆಯನ್ನು ಮದುವೆಯಾದ ರವಿಶಂಕರ್.

ಹದಿಹರೆಯದಲ್ಲೇ ಅಲಹಾಬಾದಿನಲ್ಲಿ ಮೊದಲ ಕಛೇರಿ ಆಯಿತು. ಆಮೇಲೆ ಲಖನೌ ರೇಡಿಯೋದಲ್ಲಿ ಕೆಲಸ. ರೇಡಿಯೋದಲ್ಲಿ ಮಾತಾಡುವ ನನಗೆ ಇದನ್ನು ಹೇಳಲು ತುಂಬಾ ಖುಷಿ! ಅಲ್ಲಿಂದ ಜೋಧಪುರದ ಆಸ್ಥಾನ.

1955ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರು ಉಸ್ತಾದರನ್ನು ಅಮೆರಿಕಕ್ಕೆ ಕರೆಸಿಕೊಂಡರು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಕಛೇರಿ, ತಬಲಾದಲ್ಲಿ ಚತುರ್ ಲಾಲ್. ಅದೇ ಪ್ರವಾಸದಲ್ಲಿ ಎಲ್‌ಪಿ ರೆಕಾರ್ಡ್ ಆಯಿತು, ಟಿವಿಯಲ್ಲೂ ನುಡಿಸಿದರು. ಮರುವರ್ಷ ಕಲ್ಕತ್ತಾದಲ್ಲಿ ತಮ್ಮ ಹೆಸರಿನ ಸಂಗೀತ ಕಾಲೇಜು ತೆರೆದರು. 1967ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇನ್ನೊಂದು. ಮರುವರ್ಷ ಅದು ಮರಿನ್ ಕೌಂಟಿಗೆ ಹೋಯಿತು. ಈಗಲೂ ಅದೇ ಕೌಂಟಿಯ ಸ್ಯಾನ್ ರಫೇಲ್‌ನಲ್ಲಿದೆ.

ಜನ ಅವರ ಕಛೇರಿಗಳನ್ನು ನೆನೆಯುತ್ತಾರೆ, ಸರಿಯೇ. ನನಗೆ ಮಾತ್ರ ಈ ಕ್ಲಾಸುಗಳೇ ಜಾಸ್ತಿ ದೊಡ್ಡವು ಅನ್ನಿಸುತ್ತದೆ. ಎದುರಿಗೆ ಕೂತವರು ತೊಟ್ಟಿಲಲ್ಲಿ ಭೈರವಿ ಕೇಳಿದವರಲ್ಲ. ಒಬ್ಬರ ತೊಡೆಯ ಮೇಲೆ ಸರೋದ್, ಇನ್ನೊಬ್ಬರ ಹತ್ತಿರ ಸಿತಾರ್, ಮತ್ತೊಬ್ಬರ ಕೈಯಲ್ಲಿ ಪಿಟೀಲು. ಉಸ್ತಾದರು ಒಂದು ಸಾಲು ಹಾಡುತ್ತಿದ್ದರು. ಎಲ್ಲರೂ ಅದನ್ನು ತಮ್ಮ ತಮ್ಮ ವಾದ್ಯದಲ್ಲಿ ಹಿಡಿಯಬೇಕು. ಬರಲಿಲ್ಲವೇ, ಮತ್ತೆ ಹಾಡುತ್ತಿದ್ದರು. ವಾದ್ಯ ಯಾವುದೇ ಇರಲಿ, ಹಾಡೋದನ್ನೂ ಕಲಿಯಬೇಕು. ಇದು ಬಾಬಾ ಅವರ ಮನೆಯ ಪದ್ಧತಿ. ಊರು ಬದಲಾಯಿತು, ಶಿಷ್ಯರ ಭಾಷೆ ಬದಲಾಯಿತು, ಪಾಠ ಬದಲಾಗಲಿಲ್ಲ. ಕೇಳುವವರು ಹೊಸಬರು ಅಂತ ರಾಗವನ್ನು ತೆಳು ಮಾಡಿ ಕೊಡಲಿಲ್ಲ. ಪರದೇಶದಲ್ಲಿ ಹೊಟ್ಟೆಪಾಡು ನೋಡಿಕೊಳ್ಳಬೇಕಾದ ಕಲಾವಿದನಿಗೆ ಇದು ಸುಮ್ನೆ ಆಗುವ ಮಾತಲ್ಲ, ಅಲ್ವಾ?

1989ರಲ್ಲಿ ಪದ್ಮವಿಭೂಷಣ ಬಂತು, 1991ರಲ್ಲಿ ಅಮೆರಿಕದ ಮೆಕಾರ್ಥರ್ ಫೆಲೋಶಿಪ್. ಕೊನೆಯ ವರ್ಷಗಳಲ್ಲಿ ಮೂತ್ರಪಿಂಡದ ಕಾಯಿಲೆ ಕಾಡಿತು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಪಾಠ ಹೇಳಿದರು. 2009ರ ಜೂನ್ 18ರಂದು ಕ್ಯಾಲಿಫೋರ್ನಿಯಾದಲ್ಲೇ ತೀರಿಕೊಂಡರು.

ಕನ್ನಡಿಗರಾದ ನಮಗೂ ಈ ಪಾಠದಲ್ಲಿ ಪಾಲಿದೆ. ನಮ್ಮ ರಾಜೀವ ತಾರಾನಾಥರು ಬೆಂಗಳೂರಿನಲ್ಲಿ ಇವರ ಸರೋದ್ ಕೇಳಿ ಮನಸೋತು, ಕಲಿಯಲು ಕಲ್ಕತ್ತಾಕ್ಕೇ ಹೋದರು. ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು, ಗುರುವಿನ ಮುಂದೆ ಮತ್ತೆ ವಿದ್ಯಾರ್ಥಿ. ಮುಂದೆ ಅವರೂ ಕ್ಯಾಲಿಫೋರ್ನಿಯಾದಲ್ಲಿ ಪಾಠ ಹೇಳಿ, ಆಮೇಲೆ ಮೈಸೂರಿನಲ್ಲಿದ್ದರು. 2024ರ ಜೂನ್‌ನಲ್ಲಿ ಅವರನ್ನೂ ಕಳೆದುಕೊಂಡೆವು.

ಉಸ್ತಾದರನ್ನು ಈವರೆಗೆ ಕೇಳಿಲ್ಲದವರು ಚಂದ್ರನಂದನ ರಾಗದಿಂದ ಶುರು ಮಾಡಿ. ಅವರೇ ಕಟ್ಟಿದ ರಾಗ ಅದು. ಮಾಲಕೌಂಸ್, ಚಂದ್ರಕೌಂಸ್, ನಂದಕೌಂಸ್, ಕೌಶಿ ಕಾನಡಾ, ಈ ನಾಲ್ಕರ ಛಾಯೆ ಅದರಲ್ಲಿದೆ. ರಾತ್ರಿ ಹೊತ್ತು ಕೇಳಿ. ಆಲಾಪವನ್ನು ಮಾತ್ರ ಓಡಿಸಿಬಿಡಬೇಡಿ.